ಏಪ್ರಿಲ್ ಬರ್ಲೇ ಇಲ್ವಾ ಸಾರ್?

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ಸಂಬಳದ ಲೆಕ್ಕ ಬರೆದವನು. ಹೊಲಿಗೆ ಬರಲ್ಲ, ಶರ್ಟಿನ ಗುಂಡಿ ಬಿದ್ರೆ ಈಗಲೂ ಮನೆಯವಳೇ ಹಾಕ್ಕೊಡ್ಬೇಕು. ಆದ್ರೆ ಒಂಬೈನೂರು ಜನರ ಪೇ ಸ್ಲಿಪ್ ನನ್ನ ಕೈಯಿಂದ್ಲೇ ಹೋಗ್ತಿತ್ತು, ಹಂಗಾಗಿ ಕನಿಷ್ಠ ವೇತನದ ಬಗ್ಗೆ ಮಾತಾಡಿ ಅಂದಾಗ ಒಪ್ಕೊಂಡೆ.

ಈ ವಿಷಯ ಎತ್ತಿದ್ರೆ ಸಾಕು, ಟೀವೀಲಿ ಕೂತೋರು ಒಂದೇ ಪ್ರಶ್ನೆ ಕೇಳೋದು, ಕೂಲಿ ಜಾಸ್ತಿ ಮಾಡಿದ್ರೆ ಕೆಲಸ ಹೋಗಲ್ವಾ ಅಂತ. ಹೋಗುತ್ತೆ ಅನ್ನೋರೂ ಇದಾರೆ, ಹೋಗಲ್ಲ ಅನ್ನೋರೂ ಇದಾರೆ. ನಾನು ಕಂಡಿದ್ದು ಬೇರೆ, ಅದನ್ನ ಹೇಳ್ತೀನಿ.

ನಮ್ಮಲ್ಲಿ ಕನಿಷ್ಠ ವೇತನ ಅಂದ್ರೆ ಎರಡು ಭಾಗ, ಬೇಸಿಕ್ ಒಂದು, ಡಿಎ ಅಂದ್ರೆ ತುಟ್ಟಿಭತ್ಯೆ ಇನ್ನೊಂದು. ಬೇಸಿಕ್ ಐದು ವರ್ಷಕ್ಕೊಂದ್ಸಲ ಪರಿಷ್ಕರಣೆ ಆಗ್ಬೇಕು ಅಂತ 1948ರ ಕನಿಷ್ಠ ವೇತನ ಕಾಯ್ದೇಲೇ ಇತ್ತು, ಆಗ್ತಿದ್ದಿದ್ದು ಮಾತ್ರ ಸರ್ಕಾರಕ್ಕೆ ನೆನಪಾದಾಗ. ಡಿಎ ಹಂಗಲ್ಲ, ಪ್ರತಿ ಏಪ್ರಿಲ್ ಒಂದನೇ ತಾರೀಕು ತಾನಾಗೇ ಏರ್ಬೇಕು. ಬೆಲೆ ಸೂಚ್ಯಂಕ ಎಷ್ಟು ಪಾಯಿಂಟ್ ಏರಿದೆಯೋ ಅಷ್ಟು, ಆಗ ಪಾಯಿಂಟಿಗೆ ದಿನಕ್ಕೆ ನಾಲ್ಕು ಪೈಸೆ ಇತ್ತು. ನಾಲ್ಕು ಪೈಸೆ ಅಂದ್ರೆ ನಗ್ತೀರಿ. 2020ರಲ್ಲಿ 348 ಪಾಯಿಂಟ್ ಏರಿತ್ತು, ದಿನಕ್ಕೆ 13 ರೂಪಾಯಿ 92 ಪೈಸೆ, ತಿಂಗಳಿಗೆ 417 ರೂಪಾಯಿ 60 ಪೈಸೆ. ಹತ್ತು ಸಾವಿರದ ಆಸುಪಾಸು ಸಂಬಳ ತಗೊಳ್ಳೋ ಹೆಂಗಸಿಗೆ 417 ರೂಪಾಯಿ ಅಂದ್ರೆ ಆಗ ಅರ್ಧ ಸಿಲಿಂಡರಿಗೂ ಮೇಲೆ ಗ್ಯಾಸು, ಕಣ್ರೀ.

ಆ ವರ್ಷ ಕೊರೋನ. ಲಾಕ್‌ಡೌನ್ ಮುಗಿದು ಫ್ಯಾಕ್ಟರಿ ತೆಗೆದಾಗ ಆರ್ಡರ್ ಇಲ್ಲ, ಮಾಲೀಕರ ಕಡೆಯವರು ಸರ್ಕಾರದ ಹತ್ರ ಹೋದ್ರು, ಜುಲೈನಲ್ಲಿ ಸರ್ಕಾರ ಡಿಎ ಹೆಚ್ಚಳಾನ 2021ರ ಮಾರ್ಚ್ 31ರ ತನಕ ಮುಂದೂಡಿ ಆದೇಶ ಹೊರಡಿಸ್ತು. ಕಾರ್ಮಿಕ ಸಂಘಟನೆಯವರು ಹೈಕೋರ್ಟಿಗೆ ಹೋದ್ರು, ಸೆಪ್ಟೆಂಬರ್‌ನಲ್ಲಿ ಕೋರ್ಟು ಆ ಆದೇಶಕ್ಕೆ ತಡೆ ಕೊಡ್ತು. ಅಂದ್ರೆ ಕೊಡ್ಲೇಬೇಕು ಅಂತಾಯ್ತಲ್ಲ? ನಮ್ಮಲ್ಲಿ ಕೊಡ್ಲಿಲ್ಲ. ನಮ್ಮಲ್ಲಿ ಅಂತಲ್ಲ, ಎಷ್ಟೋ ಕಡೆ ಕೊಡ್ಲಿಲ್ಲ. ಮೇಲಿನವರು, ಡಿಎ ಕಾಲಂ ಹಳೇದೇ ಇರ್ಲಿ ಅಂದ್ರು, ನಾನು ಹಳೇದೇ ಹಾಕ್ದೆ. ಹಾಕಿದ್ದು ನಾನೇ, ಅದನ್ನ ಮುಚ್ಚಿಟ್ಟು ಏನ್ ಮಾಡ್ಲಿ.

ಒಬ್ಬರು ಇದ್ರು, ಕಾಲರ್ ಸೆಕ್ಷನ್‌ನಲ್ಲಿ, ಮಾಗಡಿ ಕಡೆಯವರು, ಬೆಳಿಗ್ಗೆ ಐದೂವರೆ ಬಸ್ಸಿಗೆ ಹೊರಡ್ತಿದ್ರು. ಸ್ಲಿಪ್ ಹಿಡ್ಕೊಂಡು ಕಿಟಕಿ ಹತ್ರ ಬಂದು, "ಈ ವರ್ಷ ಏಪ್ರಿಲ್ ಬರ್ಲೇ ಇಲ್ವಾ ಸಾರ್?" ಅಂದ್ರು. "ಮುಂದೆ ಹಾಕಿದಾರೆ ಅಕ್ಕ" ಅಂದೆ. "ಏಪ್ರಿಲ್ಲನ್ನೂ ಮುಂದೆ ಹಾಕಬೋದಾ?" ಅಂದ್ಬಿಟ್ಟು ಮೆಷೀನಿಗೆ ವಾಪಸ್ ಹೋದ್ರು, ಟಾರ್ಗೆಟ್ ಇತ್ತಲ್ಲ, ನಿಂತು ಮಾತಾಡೋಕೆ ಟೈಮೆಲ್ಲಿ.

ಈ ಟಾರ್ಗೆಟ್ಟೇ ವಿಷಯ. ಅದಕ್ಕೂ ಹಿಂದೆ ಒಂದ್ಸಲ ಕೂಲಿ ಸರಿಯಾಗೇ ಏರಿದ್ದಾಗ ಏನಾಯ್ತು ಅಂದ್ರೆ, ಒಬ್ಬರನ್ನೂ ತೆಗೀಲಿಲ್ಲ. ಗೇಟಲ್ಲಿ ನೋಟೀಸ್ ಇಲ್ಲ, ಗಲಾಟೆ ಇಲ್ಲ. ಗಂಟೆಗೆ ಐವತ್ತು ಪೀಸ್ ಇದ್ದಿದ್ದು ಅರವತ್ತಾಯ್ತು. ದಾರ ಕತ್ತರಿಸಿ ಕೊಡೋ ಹೆಲ್ಪರ್ ಹುಡುಗೀರು ಬಿಟ್ಟು ಹೋದ್ರೆ ಅವರ ಜಾಗಕ್ಕೆ ಹೊಸಬರನ್ನ ತಗೊಳ್ಲಿಲ್ಲ, ಟೈಲರೇ ಕತ್ತರಿಸ್ಕೋಬೇಕು. ಅಟೆಂಡೆನ್ಸ್ ಬೋನಸ್ ಸ್ಲಿಪ್ಪಿಂದ ಸದ್ದಿಲ್ದೆ ಮಾಯ ಆಯ್ತು, ಪುಕ್ಕಟೆ ಇದ್ದ ವ್ಯಾನಿಗೆ ಸಂಬಳದಲ್ಲಿ ಕಟಿಂಗ್ ಶುರುವಾಯ್ತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಳ್ಳೋದು ಅಂತಾರಲ್ಲ, ಅದರ ಲೆಕ್ಕ ಬರೀತಿದ್ದೋನು ನಾನು. ಕೆಲಸ ಉಳೀತಾ ಅಂದ್ರೆ ಉಳೀತು. ಮೂತ್ರಕ್ಕೆ ಹೋಗಿ ಬರೋಕೂ ಸೂಪರ್‌ವೈಸರ್ ಮುಖ ನೋಡೋ ಕೆಲಸ ಆಗಿ ಉಳೀತು.

ಹಾಗಂತ ಕೂಲಿ ಏರಿಸ್ಲೇಬಾರ್ದು ಅಂತ ನಾನು ಹೇಳ್ತಿಲ್ಲ, ಪೂರ್ತಿ ಉಲ್ಟಾ. ಅಮೆರಿಕಾದ ನ್ಯೂಜೆರ್ಸೀಲಿ 1992ರ ಏಪ್ರಿಲ್ ಒಂದಕ್ಕೆ, ಅಲ್ಲೂ ಏಪ್ರಿಲ್ಲೇ ನೋಡಿ, ಗಂಟೆ ಕೂಲಿ 4.25 ಡಾಲರಿಂದ 5.05 ಡಾಲರಿಗೆ ಏರಿಸಿದ್ರು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಿಸ್ಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಎರಡೂ ಕಡೆ ಸೇರಿ 410 ಫಾಸ್ಟ್‌ಫುಡ್ ಅಂಗಡಿಗಳ ಲೆಕ್ಕ ತೆಗೆದು ನೋಡಿದ್ರೆ ನ್ಯೂಜೆರ್ಸೀಲಿ ಕೆಲಸ ಕಮ್ಮಿ ಆಗಿರ್ಲೇ ಇಲ್ಲ. ಭಾರಿ ಜಗಳ ಆಯ್ತು, ನಿಮ್ಮ ಲೆಕ್ಕ ತಪ್ಪು ಅಂತ ಬೇರೆಯವರು ಬೇರೆ ಲೆಕ್ಕ ತಂದ್ರು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು, ಕ್ರೂಗರ್ ಅಷ್ಟೊತ್ತಿಗೆ ತೀರಿಹೋಗಿದ್ರು.

ಕೂಲಿ ಏರಿದ್ರೂ ಕೆಲಸ ಯಾಕೆ ಹೋಗಲ್ಲ ಅನ್ನೋದಕ್ಕೆ ದೊಡ್ಡ ಪುಸ್ತಕ ಬೇಡ. ಆ ಕಾಲರ್ ಅಕ್ಕನ್ನ ನೋಡಿ, ಆ ಬಸ್ ರೂಟಲ್ಲಿ ಇರೋದು ಎರಡೇ ಫ್ಯಾಕ್ಟರಿ, ಮಗಳು ಸ್ಕೂಲಿಂದ ಬರೋಷ್ಟರಲ್ಲಿ ಮನೇಲಿರ್ಬೇಕು, ಕೂಲಿ ಸಾಲ್ದು ಅಂತ ಎಲ್ಲಿಗೆ ಹೋಗ್ತಾರೆ? ಎಲ್ಲಿಗೂ ಹೋಗಲ್ಲ ಅನ್ನೋದು ಮಾಲೀಕನಿಗೂ ಗೊತ್ತು. ಹಂಗಾಗಿ ಅವರ ದುಡಿಮೆಗೆ ಎಷ್ಟು ಬೆಲೆ ಬರ್ತಿತ್ತೋ ಅದಕ್ಕಿಂತ ಕಮ್ಮಿ ಕೊಟ್ಟು ನಡೆಸ್ತಿರ್ತಾನೆ. ಕಾನೂನು ಆ ಉಳಿಕೇಲಿ ಒಂದು ಪಾಲು ಕೊಡಿಸುತ್ತೆ, ಅಷ್ಟೇ. ಉಳಿಕೆನೇ ಇಲ್ದಿರೋ ಚಿಕ್ಕ ಘಟಕಗಳೂ ಇದಾವೆ, ಇಪ್ಪತ್ತು ಮೆಷೀನ್ ಇಟ್ಕೊಂಡು ದೊಡ್ಡವರಿಂದ ಜಾಬ್‌ವರ್ಕ್ ತಗೊಳ್ಳೋರು, ಅವರಿಗೆ ನಿಜವಾಗ್ಲೂ ಕಷ್ಟ ಆಗುತ್ತೆ, ಅದನ್ನೂ ಕಣ್ಣಾರೆ ನೋಡಿದೀನಿ.

ಇನ್ನೊಂದು ಮಾತು, ಆರ್ಡರ್ ಎಲ್ಲಾ ಬಾಂಗ್ಲಾದೇಶಕ್ಕೆ ಹೋಗ್ಬಿಡುತ್ತೆ ಅಂತ ಹೆದರಿಸ್ತಾರೆ. ಆ ಬಾಂಗ್ಲಾದಲ್ಲೇ ಗಾರ್ಮೆಂಟ್ಸ್ ಕನಿಷ್ಠ ವೇತನ 2013ರಲ್ಲಿ 5,300 ಟಾಕಾ, 2018ರಲ್ಲಿ 8,000, 2023ರಲ್ಲಿ 12,500 ಆಯ್ತು. ಬೆಲೆ ಏರಿದ ಲೆಕ್ಕಕ್ಕೆ ಅದೂ ಸಾಲ್ದು ಅಂತ ಅಲ್ಲಿನವರು ಬೀದಿಗಿಳಿದ್ರು, ಸರಿ. ಆದ್ರೆ ಅಲ್ಲಿನ ಗಾರ್ಮೆಂಟ್ಸ್ ಉದ್ಯಮ ಏನೂ ಮುಳುಗಿಲ್ಲ. ನಮ್ಮ ಮಾಲೀಕರು ಓಡಿಹೋದ್ರೆ ಮೊದಲು ಓಡೋದು ಢಾಕಾಗಲ್ಲ, ಬೆಂಗಳೂರಿಂದಾಚೆಗೆ. ವಲಯ ಅಂತ ಮಾಡಿದಾರಲ್ಲ, ನಗರದಲ್ಲಿ ಒಂದು ರೇಟು, ದೂರ ಹೋದಂಗೆ ಕಮ್ಮಿ ರೇಟು. ಅಕ್ಕಿ ರೇಟು ಮಾತ್ರ ಎಲ್ಲಾ ಕಡೆ ಹೆಚ್ಚೂಕಮ್ಮಿ ಒಂದೇ.

ಈಗ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಅನ್ನೋ ಹೊಸ ಕಾಯ್ದೆ ಜಾರಿಗೆ ಬಂದಿದೆ, ಮೊದಲಿನ ಹಂಗೆ ಪಟ್ಟೀಲಿರೋ ಕಸುಬಿಗೆ ಮಾತ್ರ ಅಲ್ಲ, ಎಲ್ಲಾ ಕೆಲಸಗಾರರಿಗೂ ಕನಿಷ್ಠ ವೇತನ ಅನ್ನುತ್ತೆ. ಒಳ್ಳೇದೇ. ಆದ್ರೆ ಸ್ಲಿಪ್‌ನಲ್ಲಿರೋ ಅಂಕಿ ನೋಡೋಕೆ ಒಬ್ಬರು ಬರ್ಬೇಕಲ್ಲ. ನನ್ನ ಹನ್ನೊಂದು ವರ್ಷದಲ್ಲಿ ವೇಜ್ ರಿಜಿಸ್ಟರ್ ತೆಗೆಸಿ ನೋಡಿದ ಇನ್‌ಸ್ಪೆಕ್ಟರ್ ಎರಡೇ ಸಲ ಬಂದಿದ್ದು, ಎರಡ್ಸಲವೂ ಹಿಂದಿನ ದಿನ ನಮಗೆ ಗೊತ್ತಿತ್ತು.

ಆ 417 ರೂಪಾಯಿ ಕಥೆ ಮುಗಿಸ್ಬಿಡ್ತೀನಿ. ಕೊನೆಗೂ ಕೊಡ್ಸಿದ್ದು ನಮ್ಮ ಕಾರ್ಮಿಕ ಇಲಾಖೆ ಅಲ್ಲ. ಹೊರದೇಶದ ಬ್ರ್ಯಾಂಡ್‌ಗಳಿಗೆ ಸುದ್ದಿ ಮುಟ್ಟಿ, ಅವರ ಒತ್ತಡ ಬಿದ್ದ ಮೇಲೆ 2022ರಲ್ಲಿ ಬಾಕಿ ಕೊಡೋಕೆ ಕಂಪನಿಗಳು ಒಪ್ಕೊಂಡ್ವು. ನಮ್ಮಲ್ಲೂ ಅರಿಯರ್ಸ್ ಶೀಟ್ ಮಾಡಿದ್ವಿ, ಎರಡು ಭಾನುವಾರ ಕೂತು. ಕಾಲರ್ ಅಕ್ಕ ಅಷ್ಟರಲ್ಲಿ ಕೆಲಸ ಬಿಟ್ಟಿದ್ರು, ಫೋನ್ ಮಾಡ್ದೆ. ನಾಲ್ಕು ಮನೆ ಕೆಲಸ ಹಿಡಿದಿದೀನಿ ಸಾರ್ ಅಂದ್ರು. ಮನೆಗೆಲಸಕ್ಕೂ ನಮ್ಮ ರಾಜ್ಯದಲ್ಲಿ 2004ರಲ್ಲೇ ಕನಿಷ್ಠ ವೇತನ ಗೊತ್ತು ಮಾಡಿದಾರೆ, ಕೇಳಿದ್ರೆ ಹೆಂಗೆ ಅಂದೆ. ಅವರು ಜೋರಾಗಿ ನಕ್ಕು, "ದುಡ್ಡು ಯಾವತ್ತು ಅಕೌಂಟಿಗೆ ಬರುತ್ತೆ, ಅದು ಹೇಳಿ ಮೊದ್ಲು" ಅಂದ್ರು. ನಮಸ್ಕಾರ.