ಸೇವ್ ಫೈಲಿನ ತೂಕ

ಕೇಳುಗರೆ, ನಮಸ್ಕಾರ. ಇವತ್ತಿನ ಮಾತಿಗೆ ಒಂದು ಪೆನ್ನು, ಒಂದು ಹಾಳಿ ಹತ್ತಿರ ಇಟ್ಟುಕೊಳ್ಳಿ. ನಡುನಡುವೆ ಆರಂಕಿಯ ಸಂಖ್ಯೆಗಳು ಬರುತ್ತವೆ. ಬರೆದುಕೊಳ್ಳುವಷ್ಟು ನಿಧಾನವಾಗಿಯೇ ಓದುತ್ತೇನೆ.

ನಮ್ಮ ಕಲಬುರಗಿಯ ಬೇಸಿಗೆ ನಿಮಗೆ ಗೊತ್ತಿದ್ದದ್ದೇ. ಮೇ ತಿಂಗಳ ಮಧ್ಯಾಹ್ನ ಮಕ್ಕಳು ಓಣಿಗೆ ಇಳಿಯುವ ಹಾಗಿಲ್ಲ. ಕೂಲರ್ ಮುಂದೆ ಕೂತು ಫೋನಿನಲ್ಲೋ ಅಂಗೈಯಷ್ಟಗಲದ ಗೇಮ್ ಸೆಟ್ಟಿನಲ್ಲೋ ಹಳೆಯ ಗೇಮ್ ಬಾಯ್ ಆಟ ಆಡುತ್ತಾರೆ. ಮಕ್ಕಳಷ್ಟೇ ಏಕೆ, ಅವರ ಕಾಕಾ ಮಾಮಾಗಳೂ ಆಡುತ್ತಾರೆ. ಫೋನ್ ಬದಲಾದಾಗ ತೊಂದರೆ ಶುರುವಾಗುತ್ತದೆ. ಹಳೆಯದರಲ್ಲಿ ಎಂಬತ್ತು ಗಂಟೆ ಆಡಿದ ಆಟ ಹೊಸದರಲ್ಲಿ ಮೊದಲನೇ ಪರದೆಯಿಂದ ಆರಂಭ. ಯಾರೋ ಹೇಳುತ್ತಾರೆ, ಆಡಿದ್ದನ್ನು ಉಳಿಸಿಟ್ಟ ಸೇವ್ ಫೈಲಿನ ಬಾಲ ಬದಲಿಸು, ಡಾಟ್ ಎಸ್‌ಎವಿ ಇದ್ದದ್ದನ್ನು ಡಾಟ್ ಎಸ್‌ಆರ್‌ಎಂ ಮಾಡು, ನಡೆಯುತ್ತದೆ. ಒಮ್ಮೊಮ್ಮೆ ನಡೆಯುತ್ತದೆ ಕೂಡ. ನಡೆಯದಿದ್ದಾಗ ಏಕೆ ನಡೆಯಲಿಲ್ಲ ಎನ್ನುವುದೇ ಇವತ್ತಿನ ವಿಷಯ.

ಗಂಜಿನಲ್ಲಿ ತೊಗರಿ ಮಾರುವವರನ್ನು ಕೇಳಿ ನೋಡಿ. ಚೀಲದ ಮೇಲೆ ಏನು ಬರೆದಿದೆ ಎಂದು ಯಾರೂ ದುಡ್ಡು ಎಣಿಸುವುದಿಲ್ಲ. ಕಾಂಟಾ ಮೇಲೆ ಇಡುತ್ತಾರೆ, ಬಾರದಾನದ ತೂಕ ಕಳೆಯುತ್ತಾರೆ, ಉಳಿದದ್ದು ಮಾಲು. ಸೇವ್ ಫೈಲಿಗೂ ಇದೇ ಲೆಕ್ಕ. ಹೆಸರು ನೋಡಬೇಡಿ, ಬೈಟ್ ನೋಡಿ.

ಅದಕ್ಕೂ ಮೊದಲು ಒಂದು ಗೊಂದಲ ಬಿಡಿಸಬೇಕು. ಹಳೆಯ ಗೇಮ್ ಸೆಟ್ಟನ್ನು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಅನುಕರಿಸುವ ಪ್ರೋಗ್ರಾಮೇ ಎಮ್ಯುಲೇಟರ್. ಅದರಲ್ಲಿ ಆಟ ಉಳಿಸುವ ಬಗೆ ಎರಡು. ಆಟದೊಳಗಿನ ಮೆನುವಿಗೆ ಹೋಗಿ 'ಸೇವ್' ಒತ್ತುವುದು ಒಂದು. ಅದು ಅಸಲಿ ಕಾರ್ಟ್ರಿಜ್ಜಿನ, ಅಂದರೆ ಗೇಮ್ ಸೆಟ್ಟಿಗೆ ಸಿಕ್ಕಿಸುವ ಆಟದ ಡಬ್ಬಿಯ, ಚಿಪ್ಪಿನಲ್ಲಿ ಏನು ಉಳಿಯುತ್ತಿತ್ತೋ ಅದರ ಪಡಿಯಚ್ಚು. ಇನ್ನೊಂದು ಸೇವ್ ಸ್ಟೇಟ್: ಎಮ್ಯುಲೇಟರ್ ತನ್ನ ಇಡೀ ಮೆಮೊರಿಯನ್ನು ಆ ಕ್ಷಣಕ್ಕೆ ಹೇಗಿದೆಯೋ ಹಾಗೆ ಬರೆದಿಡುವುದು. ಎರಡನೆಯದು ಆ ಎಮ್ಯುಲೇಟರಿನ ಸ್ವಂತ ಭಾಷೆ. ಎಂಜಿಬಿಎ ಎಂಬ ಎಮ್ಯುಲೇಟರ್ ಬರೆದದ್ದನ್ನು ವಿಷುವಲ್ ಬಾಯ್ ಅಡ್ವಾನ್ಸ್ ಓದುವುದಿಲ್ಲ. ಅದೇ ಎಮ್ಯುಲೇಟರಿನ ಹೊಸ ಆವೃತ್ತಿ ಸಹ ಹಳೆಯ ಸ್ಟೇಟನ್ನು ತಿರಸ್ಕರಿಸುವುದುಂಟು. ಆದ್ದರಿಂದ ಸ್ಟೇಟನ್ನು ಪರಿವರ್ತಿಸುವ ಗೋಜಿಗೆ ಹೋಗಬೇಡಿ. ಹಳೆಯ ಫೋನಿನಲ್ಲಿ ಸ್ಟೇಟ್ ತೆರೆಯಿರಿ, ಆಟದ ಮೆನುವಿನಿಂದ ಒಮ್ಮೆ ಸೇವ್ ಮಾಡಿ, ಎಮ್ಯುಲೇಟರಿನ 'ಕ್ಲೋಸ್' ಒತ್ತಿಯೇ ಹೊರಗೆ ಬನ್ನಿ.

'ಕ್ಲೋಸ್ ಒತ್ತಿಯೇ' ಎಂದದ್ದಕ್ಕೆ ಕಾರಣವಿದೆ. ಹಲವು ಎಮ್ಯುಲೇಟರುಗಳನ್ನು ಒಂದೇ ಕಡೆ ನಡೆಸುವ ರೆಟ್ರೋಆರ್ಚ್ ಎಂಬ ಆ್ಯಪ್ ಆಟದ ಸೇವನ್ನು ಸದ್ಯಕ್ಕೆ ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ, ಆಟ ಮುಚ್ಚುವಾಗ ಫೈಲಿಗೆ ಬರೆಯುತ್ತದೆ. ಫೋನಿನಲ್ಲಿ ಬೆರಳಿನಿಂದ ಮೇಲಕ್ಕೆ ತಳ್ಳಿ ಆ್ಯಪ್ ಕೊಂದರೆ ಬರೆಯುವ ಸಮಯವೇ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಸೇವಿಂಗ್' ಎಂಬಲ್ಲಿ 'ಸೇವ್‌ರ್‍ಯಾಮ್ ಆಟೋಸೇವ್ ಇಂಟರ್ವಲ್' ಇದೆ, ಅದನ್ನು 10 ಸೆಕೆಂಡಿಗೆ ಇಡಿ. ಫೈಲನ್ನು ನಕಲು ಮಾಡುವ ಮುಂಚೆ ಅದರ ದಿನಾಂಕ, ಸಮಯ ನೋಡಿ. ಈಗ ತಾನೇ ಸೇವ್ ಮಾಡಿದ್ದೀರಿ, ಫೈಲಿನ ಸಮಯ ನಿನ್ನೆಯದ್ದಾಗಿದ್ದರೆ ನೀವು ನೋಡುತ್ತಿರುವುದು ಬೇರೆ ಫೈಲ್.

ಈಗ ತೂಕಕ್ಕೆ ಬರೋಣ, ಹಾಳಿ ತೆಗೆಯಿರಿ. ಸೇವ್ ಚಿಪ್ಪುಗಳ ಅಳತೆ 512 ಬೈಟಿನಿಂದ ಶುರುವಾಗಿ ದುಪ್ಪಟ್ಟು ದುಪ್ಪಟ್ಟಾಗಿ ಹೋಗುವ ಸಾಲಿನಲ್ಲೇ ಬೀಳುತ್ತದೆ. ಹಳೆಯ ಗೇಮ್ ಬಾಯ್ ಆಟಗಳಲ್ಲಿ ಹೆಚ್ಚಾಗಿ 8192 ಇಲ್ಲವೇ 32768. ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ 512, 8192, 32768, 65536, 131072. ಅದರ ನಂತರದ ಸೆಟ್ಟಾದ ನಿಂಟೆಂಡೋ ಡಿಎಸ್ ಆಟಗಳಲ್ಲಿ ಅತಿ ಚಿಕ್ಕದು 512, ದೊಡ್ಡವು ಹೆಚ್ಚಾಗಿ 262144 ಮತ್ತು 524288. ನಿಮ್ಮ ಫೈಲಿನ ಸಂಖ್ಯೆ ಈ ಸಾಲಿನಲ್ಲಿ ಇಲ್ಲವೆಂದರೆ ಮಾಲಿನ ಜತೆ ಬಾರದಾನವೂ ಇದೆ ಎಂದರ್ಥ. ವಿಂಡೋಸಿನಲ್ಲಿ ನೋಡುವಾಗ ಪ್ರಾಪರ್ಟೀಸ್ ತೆರೆದು 'ಸೈಜ್' ಎಂಬ ಸಾಲನ್ನು ನೋಡಿ. ಅದರ ಕೆಳಗಿನ 'ಸೈಜ್ ಆನ್ ಡಿಸ್ಕ್' ನಮ್ಮ ಲೆಕ್ಕಕ್ಕೆ ಬಾರದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಡೆಸ್‌ಮ್ಯೂಮ್ ಎಂಬ ಡಿಎಸ್ ಎಮ್ಯುಲೇಟರ್ ಡಾಟ್ ಡಿಎಸ್‌ವಿ ಎಂದು ಬರೆಯುತ್ತದೆ. ಪೊಕೆಮಾನ್ ಆಟದ ಅಂಥ ಫೈಲಿನ ಸೈಜ್ 524410. ಇದರಲ್ಲಿ 524288 ಕಳೆಯಿರಿ. ಉಳಿದದ್ದು 122. ಫೈಲನ್ನು ಬೈಟ್ ಬೈಟಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಫೈಲಿನ ತುದಿಗೆ ಹೋದರೆ ಆ 122 ಬೈಟ್ ಕಣ್ಣಿಗೆ ಕಾಣುತ್ತದೆ. 'ಇದರ ಮೇಲಿನದಷ್ಟನ್ನೇ ಕತ್ತರಿಸಿಕೊಂಡರೆ ಶುದ್ಧ ಸೇವ್ ಸಿಗುತ್ತದೆ' ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ಎಮ್ಯುಲೇಟರ್ ಬರೆದವರೇ ಅಲ್ಲಿ ಇಟ್ಟಿದ್ದಾರೆ. ಇಷ್ಟು ಸ್ಪಷ್ಟವಾಗಿ ಹೇಳುವ ಫೈಲ್ ಬೇರೊಂದಿಲ್ಲ! ಮೆಲನ್ ಡಿಎಸ್ ಎಂಬ ಇನ್ನೊಂದು ಎಮ್ಯುಲೇಟರಿಗೆ ಬೇಕಾದದ್ದು ಆ ಶುದ್ಧ 524288 ಮಾತ್ರ. ಫೋನಿನ ಡ್ರಾಸ್ಟಿಕ್ ಎಮ್ಯುಲೇಟರ್ ಕೂಡ ಡಿಎಸ್‌ವಿಯನ್ನೇ ಬರೆಯುವುದರಿಂದ ಅದಕ್ಕೂ ಇದೇ ಉಪಾಯ.

ಕತ್ತರಿಸುವುದು ಹೇಗೆ? ಕಂಪ್ಯೂಟರಿನಲ್ಲಿ ಡೆಸ್‌ಮ್ಯೂಮ್ ಇದ್ದರೆ ಅದರ ಫೈಲ್ ಮೆನುವಿನಲ್ಲಿ 'ಎಕ್ಸ್‌ಪೋರ್ಟ್ ಬ್ಯಾಕಪ್ ಮೆಮೊರಿ' ಇದೆ, ಅದು ಸಾಕು. ಇಲ್ಲದಿದ್ದರೆ ಲಿನಕ್ಸಿನಲ್ಲಿ ಅಥವಾ ಫೋನಿನಲ್ಲಿ ಆಜ್ಞೆ ಟೈಪಿಸುವ ಆ್ಯಪ್ ಆದ ಟರ್ಮಕ್ಸ್‌ನಲ್ಲಿ ಒಂದೇ ಸಾಲು: ಹೆಡ್, ಜಾಗ ಬಿಟ್ಟು ಹೈಫನ್ ಸಿ, ಜಾಗ ಬಿಟ್ಟು 524288, ಮತ್ತೆ ಜಾಗ, ಹಳೆಯ ಫೈಲಿನ ಹೆಸರು, ಬಲಕ್ಕೆ ಬಾಗಿದ ಬಾಣದ ಗುರುತು, ಹೊಸ ಫೈಲಿನ ಹೆಸರು. ಹೊಸ ಹೆಸರು ಹಳೆಯದೇ ಆಗಕೂಡದು. ಹಾಗೇನಾದರೂ ಆದರೆ, ಓದುವ ಮೊದಲೇ ಫೈಲ್ ಖಾಲಿಯಾಗಿ ಸೊನ್ನೆ ಬೈಟ್ ಉಳಿಯುತ್ತದೆ.

ಅಡ್ವಾನ್ಸ್ ಆಟಗಳಲ್ಲಿ ಬಾರದಾನ ಬೇರೆ ರೀತಿ. ಪೊಕೆಮಾನ್ ರೂಬಿ, ಸಫೈರ್, ಎಮರಾಲ್ಡ್ ಆಟಗಳ ಕಾರ್ಟ್ರಿಜ್ಜಿನಲ್ಲಿ ಗಡಿಯಾರವಿತ್ತು. ಎಂಜಿಬಿಎ ಆ ಗಡಿಯಾರದ ಲೆಕ್ಕವನ್ನು 16 ಬೈಟಿನಲ್ಲಿ ತುದಿಗೆ ಸೇರಿಸುತ್ತದೆ, ಹಾಗಾಗಿ 131072 ಇರಬೇಕಾದದ್ದು 131088 ಆಗುತ್ತದೆ. ಬೇರೆ ಕಡೆ ಒಯ್ಯುವಾಗ ಆ 16 ಕತ್ತರಿಸಿದರೆ ಆಟಕ್ಕೆ ಧಕ್ಕೆಯಿಲ್ಲ, ಗಡಿಯಾರದ ಲೆಕ್ಕ ಮಾತ್ರ ತಪ್ಪುತ್ತದೆ. ಆಟದೊಳಗೆ ನೆಟ್ಟ ಗಿಡ ಕಾಯಿ ಬಿಡುವುದು ತಡವಾದೀತು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು 139264 ಎಂಬ ಸಂಖ್ಯೆಯಲ್ಲಿ. ರೆಟ್ರೋಆರ್ಚ್‌ನಲ್ಲಿ ವಿಬಿಎ ನೆಕ್ಸ್ಟ್ ಎಂಬ ಕೋರ್, ಅಂದರೆ ಅದರೊಳಗಿನ ಎಮ್ಯುಲೇಟರ್, ಬರೆಯುವ ಎಸ್‌ಆರ್‌ಎಂ ಫೈಲಿನ ಅಳತೆ ಅದು. ಇಲ್ಲಿ ಎರಡು ಚೀಲಗಳನ್ನು ಒಟ್ಟಿಗೆ ಹೊಲಿದಿದ್ದಾರೆ. ಮೊದಲನೆಯದು 131072, ಎರಡನೆಯದು 8192. ಸೇವ್ ಚಿಪ್ಪಿನಲ್ಲಿ ಫ್ಲ್ಯಾಶ್, ಎಸ್‌ರ್‍ಯಾಮ್, ಇಇಪ್ರಾಮ್ ಎಂಬ ಬಗೆಗಳಿವೆ. ಆಟದ ಚಿಪ್ ಫ್ಲ್ಯಾಶ್ ಅಥವಾ ಎಸ್‌ರ್‍ಯಾಮ್ ಆಗಿದ್ದರೆ ಮಾಲು ಮೊದಲ ಚೀಲದಲ್ಲಿ. ಇಇಪ್ರಾಮ್ ಆಗಿದ್ದರೆ ಎರಡನೆಯ ಚೀಲದಲ್ಲಿ. ಇಇಪ್ರಾಮ್ ಆಟಕ್ಕೆ ಹೆಡ್ ಹಾಕಿ ಮೊದಲ ಚೀಲವನ್ನು ಕತ್ತರಿಸಿಕೊಂಡರೆ ಕೈಗೆ ಬರುವುದು ಖಾಲಿ ಚೀಲ, ಸೇವ್ ಹಾಳಾಯಿತೆಂದು ತಲೆ ಮೇಲೆ ಕೈ ಹೊತ್ತು ಕೂರುವುದು ಆಗಲೇ. ಅಲ್ಲಿ ಹೆಡ್ ಬದಲು ಟೇಲ್ ಬಳಸಿ, 8192 ಕೊಡಿ.

ಯಾವ ಆಟಕ್ಕೆ ಯಾವ ಚಿಪ್ ಎಂದು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಹೊಸ ಸೆಟ್ಟಿನಲ್ಲಿ ಅದೇ ಆಟವನ್ನು ಹೊಸದಾಗಿ ಶುರುಮಾಡಿ, ಮೊದಲ ಅವಕಾಶದಲ್ಲೇ ಸೇವ್ ಮಾಡಿ, ಮುಚ್ಚಿ. ಅದು ಹುಟ್ಟಿಸಿದ ಫೈಲೇ ನಿಮ್ಮ ಮಾದರಿ: ಯಾವ ಫೋಲ್ಡರ್, ಯಾವ ಹೆಸರು, ಯಾವ ಬಾಲ, ಎಷ್ಟು ಬೈಟ್ ಎಲ್ಲವೂ ಅದರಲ್ಲೇ ಇದೆ. ನಿಮ್ಮ ಹಳೆಯ ಫೈಲನ್ನು ಆ ಅಳತೆಗೆ ತಂದು, ಅದೇ ಹೆಸರಿಟ್ಟು, ಎಮ್ಯುಲೇಟರ್ ಮುಚ್ಚಿರುವಾಗ ಅದರ ಜಾಗದಲ್ಲಿ ಇಡಿ. ತೆರೆದಿರುವಾಗ ಇಟ್ಟರೆ ಮುಚ್ಚುವಾಗ ಅದು ತನ್ನ ಖಾಲಿ ಸೇವನ್ನು ನಿಮ್ಮದರ ಮೇಲೆ ಬರೆದುಬಿಡುತ್ತದೆ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ. ವಾಟ್ಸ್ಯಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದ ಫೈಲನ್ನು ಎರಡನೇ ಸಲ ಇಳಿಸಿಕೊಂಡರೆ ಹೆಸರಿನ ಕೊನೆಗೆ ಕಂಸದಲ್ಲಿ ಒಂದು ಎಂದು ಅಂಟಿಕೊಳ್ಳುವುದುಂಟು. ಆಟದ ಫೈಲಿಗೂ ಸೇವ್ ಫೈಲಿಗೂ ಹೆಸರು ಅಕ್ಷರ ಬಿಡದಂತೆ ಒಂದೇ ಇರಬೇಕು, ಆ ಕಂಸ ಒಂದು ಉಳಿದರೂ ಎಮ್ಯುಲೇಟರ್ ಗುರುತಿಸುವುದಿಲ್ಲ. ವಿಂಡೋಸಿನಲ್ಲಿ ಬಾಲಗಳನ್ನು ತೋರಿಸುವ ಆಯ್ಕೆ ಹಾಕಿಕೊಳ್ಳಿ, ಇಲ್ಲದಿದ್ದರೆ ಎಸ್‌ಆರ್‌ಎಂ ಎಂದು ನೀವು ತಿದ್ದಿದ್ದು ಒಳಗೆ ಎಸ್‌ಆರ್‌ಎಂ ಡಾಟ್ ಎಸ್‌ಎವಿ ಆಗಿರಬಹುದು.

ಎಲ್ಲ ಸರಿಯಿದ್ದೂ ಹಳೆಯ ಆಟವೇ ತೆರೆದರೆ ಆಟೋ ಲೋಡ್ ಸ್ಟೇಟನ್ನು ಅನುಮಾನಿಸಿ. ಕೈಸೆಟ್ಟುಗಳು ಬಿಟ್ಟಲ್ಲಿಂದ ಮುಂದುವರಿಸಲು ಸ್ಟೇಟನ್ನು ತಾವಾಗಿಯೇ ತೆರೆಯುತ್ತವೆ, ಆ ಸ್ಟೇಟಿನೊಳಗಿನ ಹಳೆಯ ಸೇವ್ ನೀವು ತಂದಿಟ್ಟದ್ದನ್ನು ಅಳಿಸುತ್ತದೆ. ರೆಟ್ರೋಆರ್ಚ್‌ನಲ್ಲಿ ಅದರ ಬಾಲ ಡಾಟ್ ಸ್ಟೇಟ್ ಡಾಟ್ ಆಟೋ. ಅದನ್ನು ಬೇರೆ ಕಡೆ ಸರಿಸಿ, ಆಟದ ಮೊದಲ ಪರದೆಯಿಂದ 'ಕಂಟಿನ್ಯೂ' ಒತ್ತಿ ಒಳಗೆ ಹೋಗಿ.

ಇನ್ನು ಪೊಕೆಮಾನ್ ಫೈರ್‌ರೆಡ್, ಎಮರಾಲ್ಡ್ ತೆರೆದಾಗ '1ಎಂ ಸಬ್ ಸರ್ಕ್ಯೂಟ್ ಬೋರ್ಡ್ ಈಸ್ ನಾಟ್ ಇನ್‌ಸ್ಟಾಲ್ಡ್' ಎಂದು ಬಂದರೆ ಯಾವ ಬೋರ್ಡೂ ಸುಟ್ಟಿಲ್ಲ. ಆಟ ಕೇಳುತ್ತಿರುವುದು 128ಕೆ ಫ್ಲ್ಯಾಶ್, ಎಮ್ಯುಲೇಟರ್ ತೋರಿಸುತ್ತಿರುವುದು 64ಕೆ. ಸೇವ್ ಟೈಪನ್ನು ಫ್ಲ್ಯಾಶ್ 128ಕೆ ಮಾಡಿದರೆ ಮುಗಿಯಿತು. ಈ ಆಟಗಳು ಒಂದೇ ಫೈಲಿನಲ್ಲಿ ಎರಡು ಸೇವ್ ಇಟ್ಟುಕೊಳ್ಳುತ್ತವೆ, ಒಂದೊಂದಕ್ಕೂ 4096 ಬೈಟಿನ 14 ತುಂಡು, ತುಂಡಿಗೊಂದು ಚೆಕ್‌ಸಮ್, ಅಂದರೆ ತುಂಡು ಕೆಟ್ಟಿದೆಯೇ ಎಂದು ತಿಳಿಸುವ ಲೆಕ್ಕ. ಒಂದು ಕೆಟ್ಟರೆ ಹಿಂದಿನ ಸೇವನ್ನು ತೆರೆಯುತ್ತೇನೆ ಎಂದು ಆಟವೇ ಹೇಳುತ್ತದೆ. ಅಂಥ ಸಂದೇಶ ಬಂದಾಗ ಮತ್ತೆ ಸೇವ್ ಒತ್ತುವ ಮುಂಚೆ ಫೈಲನ್ನು ನಕಲು ಮಾಡಿಕೊಳ್ಳಿ.

ಸೋನಿಯ ಕೈಸೆಟ್ಟು ಪಿಎಸ್‌ಪಿಯಲ್ಲಿ ಕತ್ತರಿಸುವ ಕೆಲಸವಿಲ್ಲ. ಅಲ್ಲಿ ಸೇವ್ ಎಂದರೆ ಒಂದು ಫೋಲ್ಡರ್, ಪಿಎಸ್‌ಪಿ ಒಳಗಿನ ಸೇವ್‌ಡೇಟಾದಲ್ಲಿ ಇರುತ್ತದೆ. ಒಳಗಿನ ಒಂದು ಫೈಲ್ ಮಾತ್ರ ಎತ್ತದೆ ಇಡೀ ಫೋಲ್ಡರನ್ನೇ ಪಿಪಿಎಸ್‌ಎಸ್‌ಪಿಪಿ ಎಂಬ ಎಮ್ಯುಲೇಟರಿಗೆ ಒಯ್ಯಿರಿ. ಯುಎಲ್‌ಯುಎಸ್ ಎಂದು ಶುರುವಾಗುವ ಅಮೆರಿಕದ ಸೇವನ್ನು ಯುಎಲ್‌ಇಎಸ್ ಎಂಬ ಯುರೋಪಿನ ಆಟದಲ್ಲಿ ಹುಡುಕಿದರೆ ಸಿಗದು.

ಬ್ಯಾಕಪ್ ಬಗ್ಗೆ. ಆಂಡ್ರಾಯ್ಡಿನಲ್ಲಿ ಸೇವ್ ಫೈಲುಗಳು ಆಂಡ್ರಾಯ್ಡ್ ಡೇಟಾ ಫೋಲ್ಡರಿನೊಳಗೆ ಇದ್ದರೆ, ಆ್ಯಪ್ ತೆಗೆದಾಕ್ಷಣ ಅವೂ ಹೋಗುತ್ತವೆ. ಹೊರಗಿನ ಫೋಲ್ಡರಿಗೆ ಬದಲಿಸಿ. ಎರಡು ಸಾಧನಗಳ ನಡುವೆ ತಾನಾಗಿ ಸಿಂಕ್ ಆಗುವ ವ್ಯವಸ್ಥೆ ಇದ್ದರೆ ಅದನ್ನೇ ಬ್ಯಾಕಪ್ ಎಂದು ನಂಬಬೇಡಿ. ಇಲ್ಲಿ ಕೆಟ್ಟ ಫೈಲ್ ಅಲ್ಲಿಗೂ ಹೋಗಿ ಒಳ್ಳೆಯದನ್ನು ಅಳಿಸುತ್ತದೆ. ಸಿಂಕ್‌ಥಿಂಗ್ ಎಂಬ ಸಿಂಕ್ ಪ್ರೋಗ್ರಾಮ್ ಬಳಸುವವರು, ಹಳೆಯ ನಕಲುಗಳನ್ನು ಉಳಿಸಿಡುವ ಫೈಲ್ ವರ್ಷನಿಂಗ್ ಹಾಕಿಕೊಳ್ಳಿ. ಉಳಿದವರು ದಿನಾಂಕದ ಹೆಸರಿನ ಫೋಲ್ಡರ್ ಮಾಡಿ ಒಂದು ನಕಲು ಕಂಪ್ಯೂಟರಿಗೆ, ಒಂದು ಡ್ರೈವಿಗೆ ಹಾಕಿದರೆ ಸಾಕು. ಇವೆಲ್ಲ ಒಂದು ಫೋಟೋಗಿಂತ ಚಿಕ್ಕ ಫೈಲುಗಳು, ಜಾಗದ ಚಿಂತೆಯೇ ಇಲ್ಲ.

ಅಗ್ಗದ ಕೈಸೆಟ್ಟಿನ ಜತೆ ಬರುವ ಹೆಸರಿಲ್ಲದ ಮೆಮೊರಿ ಕಾರ್ಡನ್ನು ಮಾತ್ರ ಮೊದಲ ದಿನವೇ ಬದಲಿಸಿ. ಹೊಸ ಕಾರ್ಡ್ ತಂದಾಗಲೂ ಖಾಲಿ ಇರುವಾಗಲೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಸಣ್ಣ ಪ್ರೋಗ್ರಾಮಿನಿಂದ ಪೂರ್ತಿ ಬರೆದು ಓದಿಸಿ ನೋಡಿ. 64 ಜಿಬಿ ಎಂದು ಮಾರಿದ ನಕಲಿ ಕಾರ್ಡಿನಲ್ಲಿ ಇರುವುದು 8 ಜಿಬಿ ಆಗಿದ್ದರೆ, ಅದು ತುಂಬುವವರೆಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಬರೆದದ್ದು ಯಾವುದೂ ಉಳಿಯುವುದಿಲ್ಲ.

ಮನೆಯಲ್ಲಿ ಅಸಲಿ ಗೇಮ್ ಬಾಯ್ ಕಾರ್ಟ್ರಿಜ್ ಇದ್ದವರಿಗೆ ಒಂದು ಮಾತು. ಪೊಕೆಮಾನ್ ಗೋಲ್ಡ್‌ನಂಥ ಆಟಗಳ ಸೇವ್ ಒಳಗಿನ ಗುಂಡಿ ಸೆಲ್ಲಿನ ಬಲದ ಮೇಲೆ ನಿಂತಿದೆ. ಸೆಲ್ ಬೆಸುಗೆ ಬಿಡಿಸಿದರೆ ಸೇವ್ ಹೋಯಿತು. ಅದಕ್ಕೆ ಮೊದಲು ಕಾರ್ಟ್ರಿಜ್ ರೀಡರಿಗೆ ಹಾಕಿ ಫೈಲ್ ತೆಗೆದುಕೊಳ್ಳಿ. ಬಂದ ಫೈಲ್ 32768 ಇರಬೇಕು. 32812 ಅಥವಾ 32816 ಇದ್ದರೆ ಹೆಚ್ಚಿನ 44 ಅಥವಾ 48 ಬೈಟ್ ಗಡಿಯಾರದ್ದು. ಅದನ್ನು ಕತ್ತರಿಸದೆ ಹಾಗೆಯೇ ಒಂದು ನಕಲು ಇಟ್ಟು, ಆಮೇಲೆ ಬೆಸುಗೆ ಕಡ್ಡಿ ಕಾಯಿಸಿ. ನಮಸ್ಕಾರ.