ಪ್ಲಾನರ್ ಎಡವುವುದು ತಲೆ ಎಣಿಸುವಾಗ

ನಮಸ್ಕಾರ. ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ನಿಧಾನವಾಯಿತು ಎಂದ ಕೂಡಲೇ ಕೆಲವರ ಕೈ ನೆಟ್ಟಗೆ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನ ರ್‍ಯಾಂಡಮ್ ಪೇಜ್ ಕಾಸ್ಟ್ ಎಂಬ ಸೆಟ್ಟಿಂಗ್ ಮೇಲೆ ಹೋಗುತ್ತದೆ. 4 ಇದ್ದದ್ದನ್ನು 1.1ಕ್ಕೆ ಇಳಿಸಿ, ‘ನೋಡಿ, ಈಗ ಇಂಡೆಕ್ಸ್ ಹಿಡಿಯಿತು’ ಎಂದು ಬೀಗುತ್ತಾರೆ (ಇಂಡೆಕ್ಸ್ ಎಂದರೆ ಬೇಕಾದ ಸಾಲಿಗೆ ನೇರ ಹೋಗಲು ಇರುವ ಸೂಚಿ). ಎಲ್ಲಿಂದ ಹೆಕ್ಕಿದರೂ ಬೇಗ ಓದುವ ಎಸ್‌ಎಸ್‌ಡಿ ಡಿಸ್ಕ್ ಇದ್ದರೆ ಇಳಿಸುವುದು ಸರಿಯೇ, ಒಪ್ಪುತ್ತೇನೆ. ಆದರೆ ಎಲ್ಲ ಕಾಯಿಲೆಗೂ ಇದೇ ಕಷಾಯವೇ?

ಕ್ವೆರಿಗೆ ಉತ್ತರ ಹುಡುಕುವ ದಾರಿ ಆರಿಸುವ ಭಾಗವೇ ಪ್ಲಾನರ್. ಅದರ ದರಪಟ್ಟಿ ಬಹಳ ಸರಳ. ಒಂದು ಪೇಜನ್ನು (ಡಿಸ್ಕ್‌ನಿಂದ ಒಂದೇ ಸಲ ಓದುವ ತುಂಡು) ಅನುಕ್ರಮವಾಗಿ ಓದಿದರೆ 1, ಅಲ್ಲೊಂದು ಇಲ್ಲೊಂದು ಹೆಕ್ಕಿದರೆ 4 (ಮೇಲೆ ಹೇಳಿದ ಸೆಟ್ಟಿಂಗ್ ಇದೇ), ಪ್ರತಿ ಸಾಲಿಗೆ 0.01, ಷರತ್ತು ಪರೀಕ್ಷಿಸಲು 0.0025. 400 ಪೇಜ್‌ಗಳಲ್ಲಿ 10,000 ಸಾಲುಗಳಿದ್ದರೆ ಪೂರ್ತಿ ಓದಲು 500. ಸರಳ ಷರತ್ತೊಂದು ಸೇರಿದರೆ 525. ಇದು ಮಿಲಿಸೆಕೆಂಡ್ ಅಲ್ಲ. ಒಂದು ದಾರಿಯನ್ನು ಇನ್ನೊಂದರೊಡನೆ ತೂಗಿ ನೋಡುವ ಅಂಕಿ, ಅಷ್ಟೇ. 1979ರಲ್ಲಿ ಐಬಿಎಮ್‌ನ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ಸಿಸ್ಟಮ್ ಆರ್ ಎಂಬ ಡೇಟಾಬೇಸ್‌ಗೆ ಹಾಕಿಕೊಟ್ಟ ಜಾಡು ಇದು.

ಎಡವಟ್ಟಾಗುವುದು ‘ಎಷ್ಟು ಸಾಲು ಬರಬಹುದು’ ಎಂಬ ಅಂದಾಜಿನಲ್ಲಿ. ಹತ್ತು ಲಕ್ಷ ಸಾಲುಗಳ ಟೇಬಲ್ ಇದೆಯೆನ್ನಿ. ಜಿಲ್ಲೆ ಶಿವಮೊಗ್ಗ ಇರುವ ಸಾಲುಗಳು ಶೇ. 3, ತಾಲ್ಲೂಕು ಸಾಗರ ಇರುವವು ಶೇ. 0.4. ಎರಡನ್ನೂ ಕೇಳಿದರೆ ಪ್ಲಾನರ್ ಗುಣಿಸಿಬಿಡುತ್ತದೆ: 120 ಸಾಲು! ಸಾಗರದವರೆಲ್ಲ ಶಿವಮೊಗ್ಗದವರೇ ಎಂಬುದು ಅದಕ್ಕೆ ಗೊತ್ತಿಲ್ಲ. ನಿಜವಾಗಿ ಬರುವುದು 4,000. ಇವನ್ನು ಇನ್ನೊಂದು ಟೇಬಲ್‌ಗೆ ಜೋಡಿಸಬೇಕಿದ್ದರೆ (ಇದೇ ಜಾಯಿನ್), ಇಷ್ಟೇ ತಾನೆ ಎಂದು ಪ್ಲಾನರ್ ಪ್ರತಿ ಸಾಲಿಗೂ ಒಮ್ಮೆ ಅಲ್ಲಿ ಹುಡುಕುವ ನೆಸ್ಟೆಡ್ ಲೂಪ್ ಹಿಡಿಯುತ್ತದೆ, ಆ ಟೇಬಲ್‌ಗೆ 4,000 ಸಲ ಎಡತಾಕುತ್ತದೆ. ಅದರ ಮೇಲೆ ಇನ್ನೆರಡು ಜಾಯಿನ್ ಬಂದರೆ ತಪ್ಪು ಗುಣಾಕಾರವಾಗಿ ಬೆಳೆಯುತ್ತದೆ. ಶೇಕಡಾವಾರು ಎರಡೂ ಸರಿ, ದರವೂ ಸರಿ, ಪ್ಲಾನ್ ಮಾತ್ರ ಹಾಳು. 2015ರಲ್ಲಿ ಸಂಶೋಧಕ ವಿಕ್ಟರ್ ಲೈಸ್ ಮತ್ತಿತರರು ಐಎಮ್‌ಡಿಬಿ ಎಂಬ ಸಿನಿಮಾ ತಾಣದ ದತ್ತಾಂಶದ ಮೇಲೆ ಪರೀಕ್ಷಿಸಿದಾಗಲೂ ದರಪಟ್ಟಿಗಿಂತ ಈ ಎಣಿಕೆಯ ತಪ್ಪೇ ಹೆಚ್ಚು ದುಬಾರಿ ಎಂದು ಕಂಡುಬಂತು.

ಆದ್ದರಿಂದ ಕ್ವೆರಿಯನ್ನು ಓಡಿಸಿ ಅದರ ಪ್ಲಾನ್ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಆಜ್ಞೆ ಓಡಿಸಿದಾಗ ಕಾಸ್ಟ್ ನೋಡುವ ಮೊದಲು ಅಂದಾಜು ಸಾಲು, ನಿಜವಾದ ಸಾಲು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕೆಳಗಿನ ಹಂತದಿಂದ ಮೇಲಕ್ಕೆ ಬನ್ನಿ. ಅಂತರ ಮೊದಲು ಬಿರಿದ ಕಡೆ ನಿಲ್ಲಿ.

ಮದ್ದೂ ಇದೆ. ಪೋಸ್ಟ್‌ಗ್ರೆಸ್‌ನ 2017ರ ಹತ್ತನೇ ಆವೃತ್ತಿಯಿಂದ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಆಜ್ಞೆ ಬಳಸಿ ಜಿಲ್ಲೆ-ತಾಲ್ಲೂಕಿನ ನಂಟನ್ನು ಹೇಳಿಕೊಡಬಹುದು. ನನ್ನ ತಕರಾರು ಇಷ್ಟೇ: ಅದನ್ನು ನಾವೇ ಹೇಳಬೇಕು, ತಾನಾಗಿ ಹುಡುಕಿಕೊಳ್ಳುವುದಿಲ್ಲ. ಹೇಳಿದ ಮೇಲೂ ಟೇಬಲ್‌ನ ಅಂಕಿಅಂಶ ಕಲೆಹಾಕುವ ಅನಲೈಜ್ (ಮೇಲಿನ ಎಕ್ಸ್‌ಪ್ಲೇನ್ ಅನಲೈಜ್ ಅಲ್ಲ) ಓಡುವವರೆಗೆ ಆ ನಂಟಿನ ಲೆಕ್ಕ ಖಾಲಿಯಾಗಿಯೇ ಕೂತಿರುತ್ತದೆ.