ಒಮ್ಮೆ ಸಿಗುವ, ಒಮ್ಮೆ ಸಿಗದ ಡೇಟಾಬೇಸ್

ಎಲ್ಲರಿಗೂ ನಮಸ್ಕಾರ. ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯಿಂದ ಬಂದ ನಿಮ್ಮಲ್ಲಿ ಹೆಚ್ಚಿನವರು ಅಂಗಡಿಗಳಿಗೆ, ಶಾಲೆಗಳಿಗೆ, ಯಕ್ಷಗಾನ ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವವರು. "ಸೈಟು ಓಪನ್ ಆಗ್ತಾ ಇಲ್ಲ ಮಾರಾಯ್ರೆ" ಅಂತ ಫೋನು ಬರುತ್ತದೆ. ನೀವು ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಉಂಟು! ಹೀಗೆ ಸೈಟಿಗೆ ಡೇಟಾಬೇಸಿನ ಸಂಪರ್ಕ ಒಮ್ಮೆ ಸಿಕ್ಕಿ ಒಮ್ಮೆ ಸಿಗದಿದ್ದರೆ ಕಾರಣ ಹುಡುಕುವುದು ಹೇಗೆ ಅಂತ ಇವತ್ತು ನೋಡುವ.

ಡೇಟಾಬೇಸಿನ ಪಾಸ್‌ವರ್ಡ್ ತಪ್ಪಿದ್ದರೆ ಪ್ರತಿ ಸಲವೂ ಕೈಕೊಡುತ್ತದೆ. ಆಗೊಮ್ಮೆ ಈಗೊಮ್ಮೆ ಕೈಕೊಟ್ಟರೆ ಅಲ್ಲಿ ಹುಡುಕಬೇಡಿ. ಎರರ್ ನಂಬರ್ ಏನು, ಬಂದ ಹೊತ್ತು ಯಾವುದು, ಇವೆರಡು ಮೊದಲು ಬೇಕು. ನಮ್ಮ ಪಿಎಚ್‌ಪಿ ಸ್ಕ್ರಿಪ್ಟ್‌ಗಳು "ಸಂಪರ್ಕ ಸಿಗಲಿಲ್ಲ" ಅಂತ ತೋರಿಸಿ ನಿಂತುಬಿಡುತ್ತವೆ, ನಂಬರ್ ಕಸಕ್ಕೆ ಹೋಗುತ್ತದೆ. ಅದನ್ನು ಲಾಗ್ ಫೈಲಿಗೆ ಬರೆಸಿ. ಆದರೆ ಪುಟ ನೋಡುವವರಿಗೆ ಅದನ್ನು ತೋರಿಸಬೇಡಿ.

ನಂಬರ್ 1040 ಇದ್ದರೆ ಕನೆಕ್ಷನ್ ಜಾಸ್ತಿಯಾಗಿದೆ ಎಂದರ್ಥ. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ನೀವು ಏನೂ ಬದಲಿಸದಿದ್ದರೆ ಒಂದೇ ಹೊತ್ತಿಗೆ ತೆರೆದಿರುವ ಕನೆಕ್ಷನ್‌ಗಳ ಮಿತಿ 151. ಅಡಿಕೆ ಧಾರಣೆ ತೋರಿಸುವ ಒಂದು ಪುಟ ಎಂದಿಟ್ಟುಕೊಳ್ಳಿ. ಸಂಜೆ ಹೊಸ ಧಾರಣೆ ಹಾಕಿದ ಕೂಡಲೇ ಸೆಕೆಂಡಿಗೆ 20 ಜನ ತೆರೆಯುತ್ತಾರೆ. ವರ್ಷಗಟ್ಟಲೆ ಧಾರಣೆ ತುಂಬಿದ ಟೇಬಲ್, ತಾರೀಕಿಗೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇಲ್ಲ, ಕ್ವೆರಿಗೆ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಗೆ, 8 ಸೆಕೆಂಡ್ ಬೇಕು. ಇಪ್ಪತ್ತು ಎಂಟ್ಲಿ ನೂರ ಅರವತ್ತು. ಮಿತಿ ದಾಟಿತು, ಅಲ್ವಾ? ಬೆಳಗ್ಗೆ ನೀವು ನೋಡುವಾಗ ಅಷ್ಟು ಜನ ಇರುವುದಿಲ್ಲ, ಹಾಗಾಗಿ ಸರಿ ಕಾಣುತ್ತದೆ. ಸುಮಾರು ಜನ ಸುಮ್ನೆ ಮಿತಿಯನ್ನು 500ಕ್ಕೆ ಏರಿಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಪ್ರತಿ ಕನೆಕ್ಷನ್ ಮೆಮೊರಿ ತಿನ್ನುತ್ತದೆ. ಇಂಡೆಕ್ಸ್ ಹಾಕಿ ಕ್ವೆರಿಯನ್ನು 0.1 ಸೆಕೆಂಡಿಗೆ ಇಳಿಸಿದರೆ ಅದೇ ಜನಕ್ಕೆ ಎರಡೇ ಕನೆಕ್ಷನ್ ಸಾಕು. ಯಾವ ಕ್ವೆರಿ ಸಿಕ್ಕಿಹಾಕಿಕೊಂಡಿದೆ ಅಂತ ಸಂಜೆಯ ಹೊತ್ತಲ್ಲೇ ಪ್ರೊಸೆಸ್‌ಲಿಸ್ಟ್ (ಆಗ ಓಡುತ್ತಿರುವ ಕ್ವೆರಿಗಳ ಪಟ್ಟಿ) ತೆರೆದು ನೋಡಿ.

2006 ಬಂದರೆ ಕಥೆ ಬೇರೆ. ಕನೆಕ್ಷನ್ ಸಿಕ್ಕಿತ್ತು, ನಡುವೆ ಹೋಯಿತು. ಸುಮ್ಮನಿರುವ ಕನೆಕ್ಷನ್ನನ್ನು ಸರ್ವರ್ 28,800 ಸೆಕೆಂಡ್, ಅಂದರೆ 8 ಗಂಟೆ ಕಾಯುತ್ತದೆ, ಆಮೇಲೆ ಮುಚ್ಚಿಬಿಡುತ್ತದೆ. ಹೋಸ್ಟಿಂಗ್‌ನವರು ಇದನ್ನು ತುಂಬ ಕಡಿಮೆ ಮಾಡಿಟ್ಟಿರಬಹುದು. ನಿಮ್ಮ ಸ್ಕ್ರಿಪ್ಟ್ ನೂರಾರು ಜನರಿಗೆ ಎಸ್ಸೆಮ್ಮೆಸ್ ಕಳಿಸಿ ವಾಪಸ್ ಬರುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಕಳಿಸುವ ಮುಂಚೆ ಕನೆಕ್ಷನ್ ಮುಚ್ಚಿ, ಆಮೇಲೆ ಹೊಸತು ತೆರೆಯಿರಿ. ದೊಡ್ಡ ಫೋಟೋವನ್ನು ನೇರ ಟೇಬಲ್ಲಿಗೆ ತುರುಕಿದರೂ ಇದೇ ನಂಬರ್ ಬರಬಹುದು.

2002 ಅಂದರೆ ಡೇಟಾಬೇಸ್ ಸರ್ವರೇ ಸಿಗಲಿಲ್ಲ ಎಂದರ್ಥ. ಅದು ಆಗಾಗ ಬಂದು ತಾನೇ ಸರಿಯಾಗುತ್ತಿದ್ದರೆ ಸರ್ವರ್ ಬಿದ್ದು ಎದ್ದಿದೆಯಾ ಅಂತ ನೋಡಿ. ಅಪ್‌ಟೈಮ್ ಕೇಳಿದರೆ ಎಷ್ಟು ಸೆಕೆಂಡಿನಿಂದ ಓಡುತ್ತಿದೆ ಅಂತ ಅದೇ ಹೇಳುತ್ತದೆ. ಚಿಕ್ಕ ಮೆಮೊರಿಯ ಯಂತ್ರದಲ್ಲಿ ಜಾಗ ಸಾಲದಾದಾಗ ಲಿನಕ್ಸ್ ತಾನೇ ಡೇಟಾಬೇಸನ್ನು ಕೊಲ್ಲುತ್ತದೆ. ಗುರುತು ಸಿಸ್ಟಮ್ ಲಾಗ್‌ನಲ್ಲಿ ಸಿಗುತ್ತದೆ, ಡೇಟಾಬೇಸಿನ ಲಾಗ್‌ನಲ್ಲಿ ಸಿಗುವುದು ಕಷ್ಟ.

ಸಿಗದಿದ್ದರೆ ಮತ್ತೊಮ್ಮೆ ಪ್ರಯತ್ನಿಸುವಂತೆ ಬರೆದರಾಯಿತಲ್ಲ ಅಂತ ಕೇಳುವವರಿದ್ದಾರೆ. ಸ್ವಲ್ಪ ಬಿಟ್ಟು ಒಂದೆರಡು ಸಲ, ಆಗಬಹುದು. ಆದರೆ 1040 ಬಂದಾಗ ಬಿಡದೆ ಬಡಿಯುತ್ತಾ ಇದ್ದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ.

ಲಾಗ್ ತಂದವರು ಲ್ಯಾಪ್‌ಟಾಪ್ ತೆರೆಯಿರಿ. ಯಾರದ್ದಾದರೂ ಒಂದನ್ನು ಇಲ್ಲೇ ಬಿಡಿಸುವ.